ಹಗ್ಗ ಹಿಡಿದ ಮೆಕ್ಯಾನಿಕ್

ಈ ಪುಟಕ್ಕೆ ಬರೆಯುವವರೆಲ್ಲ ಹೆಚ್ಚಾಗಿ ಇಪ್ಪತ್ತರ ಆಸುಪಾಸಿನವರು. ನನಗೀಗ 48. ಸೈನ್ಯದ ಬೂಟು ಕಳಚಿಟ್ಟು ಊರಿಗೆ ಬಂದು ವರ್ಷವಾಯಿತು. ‘ಈ ಅಂಕಲ್‌ಗೆ ಇಲ್ಲೇನು ಕೆಲಸ’ ಎಂದು ನೀವು ಪುಟ ತಿರುಗಿಸುವ ಮೊದಲೇ ಹೇಳಿಬಿಡುತ್ತೇನೆ, ನಾನಿದನ್ನು ಬರೆಯುತ್ತಿರುವುದು ಬೆಳಿಗ್ಗೆ ಐದು ಗಂಟೆಗೆ ನಮ್ಮೂರ ರಸ್ತೆಯಲ್ಲಿ ಓಡುವ ಹುಡುಗರಿಗಾಗಿ. ನಿಮ್ಮೂರಲ್ಲೂ ಇರುತ್ತಾರೆ. ಮೊಬೈಲ್‌ ಟಾರ್ಚ್ ಹಿಡಿದುಕೊಂಡು, ಹಳೇ ಶೂ ಹಾಕಿಕೊಂಡು, ಕೆಲವರು ಬರಿಗಾಲಲ್ಲೇ. ಅವರು ಓಡುವುದು ಭರ್ತಿಗಾಗಿ.

ನಾನು ವಾಕಿಂಗ್ ಹೊರಟಾಗ ಒಬ್ಬರಲ್ಲ ಒಬ್ಬರು ನಿಲ್ಲಿಸುತ್ತಾರೆ. “ಸಾಹೇಬ್ರ, ಮಿಲ್ಟ್ರಿ ಸೇರಬೇಕಂದ್ರ ಏನ್ ಮಾಡ್ಬೇಕ್ರಿ?” ಈ ಪ್ರಶ್ನೆಗೆ ಮೂರು ವರ್ಷ ನಾನು ಸಂಬಳ ತೆಗೆದುಕೊಂಡು ಉತ್ತರ ಹೇಳಿದ್ದೇನೆ. ಆಗ ಹೇಳಿದ್ದು ಕರಪತ್ರದಲ್ಲಿ ಅಚ್ಚಾದ ಉತ್ತರ. ಅದರಲ್ಲಿ ಇಲ್ಲದ್ದನ್ನು ಈಗ ಹೇಳುತ್ತೇನೆ.

ನಮ್ಮದು ಗದಗ ಜಿಲ್ಲೆಯ ರೋಣದ ಕಡೆಯ ಹಳ್ಳಿ. ಎರೆ ಭೂಮಿ, ಮಳೆ ಬಂದರೆ ಜೋಳ, ಕಡಲೆ, ಬರದಿದ್ದರೆ ಸಾಲ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಪಾಸಾದೆ. ಎಂಜಿನಿಯರಿಂಗ್ ಓದುವ ಆಸೆಯಿತ್ತು, ಓದಿಸುವ ದುಡ್ಡಿರಲಿಲ್ಲ. ಊರಲ್ಲಿ ಆಗ ಇದ್ದದ್ದು ಒಂದೇ ಟ್ರ್ಯಾಕ್ಟರ್. ಅದು ಕೆಟ್ಟು ನಿಂತ ದಿನ ನನಗೆ ಹಬ್ಬ. ಮೆಕ್ಯಾನಿಕ್ ಬಂದು ಬಿಚ್ಚುವಾಗ ಪಕ್ಕದಲ್ಲಿ ಕೂತು ಪಾನಾ ಎತ್ತಿಕೊಡುತ್ತಿದ್ದೆ. 1995ರಲ್ಲಿ ಸೈನ್ಯದಲ್ಲಿ ‘ಸೋಲ್ಜರ್ ಟೆಕ್ನಿಕಲ್’ ಎಂಬ ಹುದ್ದೆ ಇದೆ ಎಂದು ಗೊತ್ತಾದಾಗ ಅರ್ಜಿ ಹಾಕಿದ್ದು ಆ ಟ್ರ್ಯಾಕ್ಟರಿನ ಹುಚ್ಚಿಗೆ, ಮತ್ತು ಸಂಬಳಕ್ಕೆ. ದೇಶಪ್ರೇಮ ಆಮೇಲೆ ಬಂತು. ಬಂದದ್ದು ಸುಳ್ಳಲ್ಲ, ಮೊದಲೇ ಇತ್ತು ಎಂದರೆ ಸುಳ್ಳಾಗುತ್ತದೆ.

ನನಗೆ ಸಿಕ್ಕಿದ್ದು ಇಎಂಇ. ಸೈನ್ಯದ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್ ದಳ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1943ರ ಅಕ್ಟೋಬರ್ 15ರಂದು ಶುರುವಾದದ್ದು. ಸೈನ್ಯದಲ್ಲಿ ಏನೇ ಕೆಡಲಿ, ಲಾರಿ, ಟ್ಯಾಂಕ್, ತೋಪು, ರೇಡಾರ್, ದುರ್ಬೀನು, ರಿಪೇರಿಗೆ ಬರುವುದು ನಮ್ಮ ಹತ್ತಿರ. ‘ಕರ್ಮ್ ಹೀ ಧರ್ಮ್’ ಎನ್ನುವುದು ನಮ್ಮ ಧ್ಯೇಯವಾಕ್ಯ. ಬೇರೆ ಕಡೆ ಸಿಪಾಯಿ ಎನ್ನುವವನನ್ನು ನಮ್ಮಲ್ಲಿ ಕ್ರಾಫ್ಟ್ಸ್‌ಮನ್ ಎನ್ನುತ್ತಾರೆ. ಸಿಕಂದರಾಬಾದಿನ ಸೆಂಟರ್‌ನಿಂದ ಈ ವಿಷಯ ಊರಿಗೆ ಪತ್ರ ಬರೆದೆ. ಕಟ್ಟೆಯ ಮೇಲೆ ಅದನ್ನು ಓದಿಸಿ ಕೇಳಿದವರು ಅಪ್ಪನಿಗೆ ಹೇಳಿದರಂತೆ: “ನಿನ್ನ ಮಗಾ ಮಿಲ್ಟ್ರಿಗೆ ಅಂತ ಹೋಗಿ ಗ್ಯಾರೇಜ್ ಸೇರ್ಯಾನ ತಗೋ.”

ಸೆಂಟರ್‌ನಲ್ಲಿ ನಮಗೆ ಕಲಿಸಿದ ಉಸ್ತಾದರೊಬ್ಬರಿದ್ದರು. ಹಳೇ ಶಕ್ತಿಮಾನ್ ಲಾರಿಯ ಎಂಜಿನ್ ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟ ಹಾಗೆ. “ಬಿಚ್ಚುವುದು ಯಾರಿಗೂ ಬರುತ್ತದೆ, ಮೊದಲು ಕೇಳು” ಎನ್ನುತ್ತಿದ್ದರು ಹಿಂದಿಯಲ್ಲಿ. ನನಗೆ ಹಿಂದಿಯೂ ಸರಿಯಾಗಿ ತಿಳಿಯುತ್ತಿರಲಿಲ್ಲ, ಎಂಜಿನ್ ಭಾಷೆಯೂ ತಿಳಿಯುತ್ತಿರಲಿಲ್ಲ. ಎರಡೂ ಒಟ್ಟಿಗೇ ಬಂದವು.

ಕಾರ್ಗಿಲ್ ಯುದ್ಧವಾದಾಗ ನನಗೆ 23. ದ್ರಾಸ್ ಕಡೆಯ ಹೆದ್ದಾರಿಯಲ್ಲಿ ನಮ್ಮ ಕೆಲಸ ಕೆಟ್ಟು ನಿಂತ ವಾಹನಗಳನ್ನು ಎಬ್ಬಿಸುವುದು. ತೋಲೋಲಿಂಗ್ ಮೇಲೆ ಕೂತ ಶತ್ರುವಿಗೆ ಕೆಳಗಿನ ರಸ್ತೆ ಅಂಗೈಯಲ್ಲಿದ್ದಂತೆ ಕಾಣುತ್ತಿತ್ತು. ಹಾಗಾಗಿ ಲಾರಿಗಳು ರಾತ್ರಿ ಲೈಟ್ ಆರಿಸಿಕೊಂಡು ಹೋಗಬೇಕಿತ್ತು. ಒಂದು ಲಾರಿ ನಿಂತರೆ ಹಿಂದಿನ ಸಾಲೆಲ್ಲ ನಿಂತಿತು. ಕತ್ತಲಲ್ಲಿ, ಬೆರಳಿನಿಂದಲೇ ನಟ್ಟು ಹುಡುಕಿ ಕೆಲಸ ಮಾಡಿದ್ದೇವೆ. ರಸ್ತೆ ಬದಿಯ ಬೊಫೋರ್ಸ್ ತೋಪುಗಳು ಹಾರಿದಾಗ ಕೈಯಲ್ಲಿದ್ದ ಪಾನಾ ನಡುಗುತ್ತಿತ್ತು. ನಾನು ಒಂದು ಗುಂಡೂ ಹಾರಿಸಲಿಲ್ಲ. ರಜೆಗೆ ಬಂದಾಗ ಊರ ಹುಡುಗರು ಸುತ್ತ ಕೂತು “ಎಷ್ಟು ಮಂದೀನ ಹೊಡದ್ರಿ?” ಎಂದು ಕೇಳಿದರು. “ಎಂಟು ಕ್ಲಚ್ ಪ್ಲೇಟ್ ಬದಲಿಸಿದೆ” ಎಂದೆ. ಒಬ್ಬೊಬ್ಬರಾಗಿ ಎದ್ದು ಹೋದರು.

ನನ್ನ ಸೇವೆಯಲ್ಲಿ ನಾಲ್ಕು ವರ್ಷ ಮುಗಿದದ್ದು ಆ ವರ್ಷವೇ. ಈಗಿನ ಹುಡುಗರಿಗೆ ಇದನ್ನು ಬೇಕೆಂದೇ ಹೇಳುತ್ತೇನೆ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ನಾಲ್ಕು ವರ್ಷಕ್ಕೆ ಸೇವೆ ಮುಗಿಯುತ್ತದೆ; ನೂರಕ್ಕೆ 25ರವರೆಗೆ ಮಂದಿ ಮಾತ್ರ ಮುಂದುವರಿಯಬಹುದು. ಹೊರಗೆ ಬರುವವನ ಕೈಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಬರುತ್ತದೆ, ಪಿಂಚಣಿ ಇಲ್ಲ. ಯೋಜನೆ ಸರಿಯೋ ತಪ್ಪೋ ಎಂದು ವಾದ ಮಾಡುವುದು ನನ್ನ ಕೆಲಸವಲ್ಲ. ನನಗೆ ಗೊತ್ತಿರುವುದು ಇಷ್ಟೇ: ನಾಲ್ಕು ವರ್ಷ ಮುಗಿದಾಗ ನಾನು ಎಂಜಿನ್ ಸದ್ದು ಆಗಷ್ಟೇ ತಿಳಿಯತೊಡಗಿದ್ದೆ. ಅಲ್ಲಿಗೇ ಮನೆಗೆ ಹೋಗು ಎಂದಿದ್ದರೆ ಏನು ಮಾಡುತ್ತಿದ್ದೆನೋ. ಹೊರಡುವ ಹುಡುಗ ಈ ಲೆಕ್ಕವನ್ನು ಮನೆಯಲ್ಲಿ ಕೂತು, ಕಾಗದದ ಮೇಲೆ ಬರೆದು ಮಾಡಬೇಕು.

ಮುಂದೆ ನಾಯಕ್, ಹವಾಲ್ದಾರ್ ಆದೆ. ಕೈಯಲ್ಲಿದ್ದ ಪಾನಾ ಬೇರೆಯವರ ಕೈಗೆ ಹೋಗಿ, ‘ಹೀಗೆ ಮಾಡು’ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬಡ್ತಿ ಎಂದರೆ ತೋಳಿನ ಪಟ್ಟಿ ಹೆಚ್ಚಾಗುವುದು ಎಂದುಕೊಂಡಿದ್ದೆ. ಅದು ಏನೆಂದು ಗೊತ್ತಾದದ್ದು ಸಿಯಾಚಿನ್‌ನಲ್ಲಿ.

ಅಲ್ಲಿನ ಚಳಿಯನ್ನು ನಮ್ಮ ರೋಣದ ಬಿಸಿಲಿನಲ್ಲಿ ಕೂತು ವಿವರಿಸುವುದು ಕಷ್ಟ. ಡೀಸೆಲ್ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ಲಡಾಖ್‌ಗೆಂದೇ ಚಳಿಗಾಲದ ಡೀಸೆಲ್ ಬಂದದ್ದು 2019ರಲ್ಲಿ. ನಮ್ಮ ಕಾಲಕ್ಕೆ ಸೀಮೆಎಣ್ಣೆ ಬೆರೆಸಿ, ಬ್ಲೋ ಲ್ಯಾಂಪ್ ಹಚ್ಚಿ ಕಾಯಿಸಿ, ರಾತ್ರಿಯಲ್ಲಿ ಆಗಾಗ ಎಂಜಿನ್ ಚಾಲೂ ಮಾಡಿ ಉಳಿಸಿಕೊಳ್ಳಬೇಕಿತ್ತು. ಬ್ಯಾಟರಿ ಸತ್ತುಹೋಗುತ್ತದೆ, ರಬ್ಬರ್ ಪೈಪು ಕಡ್ಡಿಯ ಹಾಗೆ ಮುರಿಯುತ್ತದೆ. ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಲ್ಲೇ ಅಂಟಿಕೊಳ್ಳುತ್ತದೆ.

2007ರ ಒಂದು ಮಧ್ಯಾಹ್ನ ಜನರೇಟರ್ ನಿಂತುಹೋಯಿತು. ಇಂಧನದ ಪೈಪಿನ ಸಣ್ಣ ನಟ್ಟು ಸಡಿಲಾಗಿತ್ತು. ದಪ್ಪ ಗ್ಲೌಸ್ ಹಾಕಿಕೊಂಡು ಅದನ್ನು ಹಿಡಿಯಲು ಆಗುತ್ತಿರಲಿಲ್ಲ. ನನ್ನ ಕೈಕೆಳಗೆ ಒಡಿಶಾದ ಹುಡುಗನೊಬ್ಬನಿದ್ದ. ನಮ್ಮ ತಂಡದಲ್ಲೇ ಚುರುಕಾದ ಕೈ ಅವನದು. “ಗ್ಲೌಸ್ ತೆಗಿ, ಎರಡು ನಿಮಿಷದ ಕೆಲಸ” ಎಂದೆ. ಅವನು ತೆಗೆದ. ಎರಡು ನಿಮಿಷದ ಕೆಲಸ ಹತ್ತು ನಿಮಿಷವಾಯಿತು. ನಾನು ಎಂಜಿನ್ ಕಡೆ ನೋಡುತ್ತಿದ್ದೆ, ಅವನ ಕೈ ಕಡೆ ನೋಡಲಿಲ್ಲ. ಬೆರಳು ಜುಮ್ಮೆಂದದ್ದನ್ನು ಅವನೂ ಹೇಳಲಿಲ್ಲ. ಹವಾಲ್ದಾರ್ ಹೇಳಿದ್ದನ್ನು ಮುಗಿಸದೆ ಬಿಟ್ಟರೆ ಹೇಗೆ ಎಂದುಕೊಂಡನಂತೆ. ಜನರೇಟರ್ ಚಾಲೂ ಆಯಿತು, ಎಲ್ಲರೂ ಬೆನ್ನು ತಟ್ಟಿದರು. ಮೂರನೇ ದಿನ ಹೆಲಿಕಾಪ್ಟರಿನಲ್ಲಿ ಅವನನ್ನು ಆಸ್ಪತ್ರೆಗೆ ಕಳಿಸಬೇಕಾಯಿತು. ಬಲಗೈ ತೋರುಬೆರಳಿನ ತುದಿ ಹೋಯಿತು. ಮೆಕ್ಯಾನಿಕ್‌ಗೆ ಆ ಬೆರಳೇ ಕಣ್ಣು. ಅವನನ್ನು ಸ್ಟೋರ್ ಕೆಲಸಕ್ಕೆ ಹಾಕಿದರು.

ಯಾರೂ ನನ್ನನ್ನು ಬೈಯಲಿಲ್ಲ. ಹವಾಮಾನ ಎಂದು ಬರೆದುಕೊಂಡರು. ಆ ಹುಡುಗ ಈಗಲೂ ದೀಪಾವಳಿಗೆ ಫೋನ್ ಮಾಡುತ್ತಾನೆ, ‘ಉಸ್ತಾದ್’ ಎಂದೇ ಕರೆಯುತ್ತಾನೆ. ಅವತ್ತಿನಿಂದ ನನ್ನ ಜತೆ ಕೆಲಸ ಮಾಡಿದ ಯಾರಾದರೂ ಗ್ಲೌಸ್ ತೆಗೆದರೆ ನಾನು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಎಣಿಸುತ್ತಿದ್ದೆ. ಮೂವತ್ತಾದ ಕೂಡಲೇ ಕೈ ಒಳಗೆ. ಪಾನಾಗಳನ್ನು ನನ್ನ ಜಾಕೆಟ್ಟಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿ ಕೊಡುತ್ತಿದ್ದೆ. ಹುಡುಗರು ಹಿಂದಿನಿಂದ ನಗುತ್ತಿದ್ದರು. ನಗಲಿ.

ವರ್ಕ್‌ಶಾಪಿನಲ್ಲಿ ನಮಗೆ ಎರಡು ಪದ ಬಹಳ ಮುಖ್ಯ. ಒಂದು ಬಿಎಲ್‌ಆರ್, ಅಂದರೆ ಇಲ್ಲಿ ರಿಪೇರಿ ಆಗದು, ಮೇಲಿನ ವರ್ಕ್‌ಶಾಪಿಗೆ ಕಳಿಸಿ. ಇನ್ನೊಂದು ಬಿಇಆರ್, ರಿಪೇರಿ ಮಾಡುವ ಖರ್ಚಿಗೆ ಬೆಲೆಯಿಲ್ಲ, ಗುಜರಿಗೆ ಹಾಕಿ. ಈ ಎರಡನೆಯದನ್ನು ಬರೆಯಲು ಒಳ್ಳೆಯ ಮೆಕ್ಯಾನಿಕ್‌ನ ಕೈ ಏಳುವುದಿಲ್ಲ. ಮೂರು ಸಲ ಪರೀಕ್ಷೆ ಮಾಡಿ, ಬೇರೆಯವರಿಗೂ ತೋರಿಸಿ, ಆಮೇಲೆ ಬರೆಯುತ್ತೇವೆ. ಇಪ್ಪತ್ತು ವರ್ಷ ಹೀಗೆ ಬದುಕಿದವನನ್ನು 2016ರಲ್ಲಿ, ನಾಯಬ್ ಸುಬೇದಾರ್ ಆದ ಮೇಲೆ, ಕರ್ನಾಟಕದ್ದೇ ಒಂದು ನೇಮಕಾತಿ ಕಚೇರಿಗೆ ಹಾಕಿದರು. ಮನೆ ಹತ್ತಿರ, ಕನ್ನಡ ಮಾತಾಡುವ ಹುಡುಗರು, ಕೈಗೆ ಗ್ರೀಸ್ ಇಲ್ಲ. ಹೆಂಡತಿ ಹುಗ್ಗಿ ಮಾಡಿದಳು.

ಭರ್ತಿ ರ್‍ಯಾಲಿ ನೋಡಿದ್ದೀರಾ? ನಡುರಾತ್ರಿಗೇ ಮೈದಾನದ ಹೊರಗೆ ಸಾವಿರಾರು ಹುಡುಗರು ಸೇರುತ್ತಾರೆ. ರಸ್ತೆ ಬದಿಯಲ್ಲಿ ಬ್ಯಾಗು ತಲೆದಿಂಬು ಮಾಡಿ ಮಲಗಿರುತ್ತಾರೆ. ಬೆಳಗಿನ ಜಾವಕ್ಕೇ ಒಳಗೆ ಬಿಡುವುದು. ಮೊದಲು ಎತ್ತರ. ನಮ್ಮ ಕಡೆಯವರಿಗೆ ಜನರಲ್ ಡ್ಯೂಟಿಗೆ 166 ಸೆಂಟಿಮೀಟರ್ ಬೇಕಿತ್ತು. ಅರ್ಧ ಸೆಂಟಿಮೀಟರ್ ಕಡಿಮೆ ಇದ್ದವರು ಕೂದಲನ್ನು ಮೇಲೆತ್ತಿ ಬಾಚಿಕೊಂಡು ಬರುತ್ತಿದ್ದರು. ಆಮೇಲೆ ಬ್ಯಾಚ್ ಮಾಡಿ, ಎದೆಯ ಮೇಲೆ ನಂಬರ್ ಬರೆದು ಓಡಿಸುವುದು. 1.6 ಕಿಲೋಮೀಟರ್, ಅಂದರೆ 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು. ಆಗ ಐದೂವರೆ ನಿಮಿಷದೊಳಗೆ ಬಂದರೆ 60 ಅಂಕ, 5 ನಿಮಿಷ 45 ಸೆಕೆಂಡಿನೊಳಗೆ ಬಂದರೆ 48 ಇತ್ತು. ಅದರಾಚೆ ಏನೂ ಇರಲಿಲ್ಲ. ಸಮಯ ಮುಗಿದ ಕೂಡಲೇ ಇಬ್ಬರು ಜವಾನರು ಟ್ರ್ಯಾಕ್‌ಗೆ ಅಡ್ಡ ಹಗ್ಗ ಎತ್ತಿ ಹಿಡಿಯುತ್ತಾರೆ. ಹಗ್ಗದ ಆಚೆ ಉಳಿದವನು ಫೇಲ್.

ಆ ಹಗ್ಗವನ್ನು ನಾನು ಬಹಳ ಸಲ ಹಿಡಿದಿದ್ದೇನೆ. ಜವಾನರ ಕೆಲಸವೇ ಅದು, ಆದರೂ ಹಿಡಿಯುತ್ತಿದ್ದೆ. ಓಡಿ ಬಂದ ಹುಡುಗ ಹಗ್ಗಕ್ಕೆ ಎದೆ ಕೊಟ್ಟು ನಿಂತಾಗ ಅವನ ಉಸಿರು ನನ್ನ ಮುಖಕ್ಕೆ ಬಡಿಯುತ್ತಿತ್ತು. ಕೆಲವರು ಕಾಲು ಹಿಡಿದಿದ್ದಾರೆ. “ಇನ್ನೊಂದ್ಸಲ ಓಡ್ತೀನ್ರಿ ಸಾಹೇಬ್ರ, ಈಗಿಂದೀಗ ಓಡ್ತೀನಿ.” ಮೆಡಿಕಲ್‌ನಲ್ಲಿ ಫೇಲಾದವನಿಗಾದರೂ ಮಿಲಿಟರಿ ಆಸ್ಪತ್ರೆಯಲ್ಲಿ ಮರುಪರೀಕ್ಷೆಗೆ ಅವಕಾಶವಿರುತ್ತದೆ, ಅದು ನಮ್ಮ ಬಿಎಲ್‌ಆರ್ ಇದ್ದ ಹಾಗೆ. ಹಗ್ಗಕ್ಕೆ ಮೇಲಿನ ವರ್ಕ್‌ಶಾಪ್ ಇಲ್ಲ. ಎರಡು ಹೆಜ್ಜೆ ತಡವಾದ ಹುಡುಗನ ಮೈಯಲ್ಲಿ ಯಾವ ದೋಷವೂ ಇರುತ್ತಿರಲಿಲ್ಲ, ಆದರೂ ಸಂಜೆ ರಜಿಸ್ಟರ್ ನೋಡುವಾಗ ನನಗೆ ಗುಜರಿ ಪಟ್ಟಿಯೇ ನೆನಪಾಗುತ್ತಿತ್ತು.

ಶಾಲೆ ಕಾಲೇಜುಗಳಿಗೆ ಹೋಗಿ ಮೈಕ್ ಹಿಡಿದು ಮಾತಾಡುವುದೂ ನಮ್ಮ ಕೆಲಸ. ಅಲ್ಲಿ ನಾನು ನೇರವಾಗಿ ಹೇಳಲು ಶುರು ಮಾಡಿದೆ. ಕಾಲು ಜೋಡಿಸಿ ನಿಂತಾಗ ಮೊಣಕಾಲು ಒಂದಕ್ಕೊಂದು ತಾಗುತ್ತವೆಯೇ, ಒದ್ದೆ ಪಾದ ನೆಲದ ಮೇಲೆ ಪೂರ್ತಿ ಮೂಡುತ್ತದೆಯೇ, ಈಗಲೇ ನೋಡಿಕೊಳ್ಳಿ, ಅನುಮಾನವಿದ್ದರೆ ಡಾಕ್ಟರಿಗೆ ತೋರಿಸಿ. ಮೂರು ವರ್ಷ ಓಡಿ, ಡಿಗ್ರಿ ಬಿಟ್ಟು ಬಂದು, ಡಾಕ್ಟರ ಮೇಜಿನ ಮುಂದೆ ಅದು ಗೊತ್ತಾಗುವುದು ಬೇಡ. ಶಾಶ್ವತ ಹಚ್ಚೆಗೆ ಮುಂಗೈಯ ಒಳಭಾಗ, ಅಂಗೈಯ ಹಿಂಭಾಗ ಬಿಟ್ಟರೆ ಸಾಮಾನ್ಯವಾಗಿ ಅನುಮತಿಯಿಲ್ಲ. ತೋಳಿನ ಮೇಲೆ ಹುಡುಗಿಯ ಹೆಸರು ಹಾಕಿಸಿಕೊಂಡು ಬಂದವನೊಬ್ಬ ಅಲ್ಲೇ ನಿಂತು ಅವಳಿಗೆ ಫೋನ್ ಮಾಡಿ ಜಗಳವಾಡಿದ್ದನ್ನು ನೋಡಿದ್ದೇನೆ.

ದಲ್ಲಾಳಿಗಳ ಆಟವನ್ನೂ ಹೇಳಬೇಕು. ಭರ್ತಿಗೆ ಒಂದು ರೂಪಾಯಿಯೂ ಕೊಡಬೇಡಿ ಎಂದು ನಾವು ದಿನವಿಡೀ ಮೈಕಿನಲ್ಲಿ ಕೂಗುತ್ತಿದ್ದೆವು, ಹೊರಗೆ ಚಹಾ ಅಂಗಡಿಯಲ್ಲಿ ಅವನು ಕೂತಿರುತ್ತಿದ್ದ. ಅವನ ತಂತ್ರ ಸುಲಭ. ಇಪ್ಪತ್ತು ಹುಡುಗರಿಂದ ದುಡ್ಡು ಇಸಿದುಕೊಳ್ಳುತ್ತಾನೆ. ಯಾರಿಗೂ ಏನೂ ಮಾಡುವುದಿಲ್ಲ. ಮೂವರು ಸ್ವಂತ ಶಕ್ತಿಯಿಂದ ಪಾಸಾಗುತ್ತಾರೆ. ಅವರ ದುಡ್ಡು ಇಟ್ಟುಕೊಂಡು ಉಳಿದವರಿಗೆ ವಾಪಸ್ ಕೊಡುತ್ತಾನೆ. ‘ಎಷ್ಟು ಪ್ರಾಮಾಣಿಕ ಮನುಷ್ಯ’ ಎಂದು ಫೇಲಾದವರೇ ಅವನನ್ನು ಹೊಗಳುತ್ತಾರೆ.

ಈಗ ನನ್ನ ಅಳಿಯನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದೇ ಅದಕ್ಕೆ.

ಅಕ್ಕನ ಒಬ್ಬನೇ ಮಗ. ಅಕ್ಕನ ಗಂಡ ಬೇಗ ತೀರಿಕೊಂಡರು. ಎರಡೆಕರೆ ಹೊಲ. ಮಗ ನನ್ನ ಹಾಗೆ ಸಮವಸ್ತ್ರ ಹಾಕಬೇಕು ಎನ್ನುವುದು ಅವಳ ಒಂದೇ ಆಸೆ. 2018ರಲ್ಲಿ ಅವನಿಗೆ 19. ರಜೆಯಲ್ಲಿ ಬಂದಾಗ ನಾನೇ ಸ್ಟಾಪ್‌ವಾಚ್ ಹಿಡಿದು ಓಡಿಸಿದ್ದೆ. ಮಣ್ಣಿನ ರಸ್ತೆಯಲ್ಲೇ 5 ನಿಮಿಷ 20 ಸೆಕೆಂಡ್. ನಮ್ಮ ಜಿಲ್ಲೆಯ ಹುಡುಗರ ಸರದಿ ಬಂದಾಗ ನಾನು ಸಾಹೇಬರಿಗೆ ಹೋಗಿ ಹೇಳಿದೆ, ನನ್ನ ಸಂಬಂಧಿಕ ಓಡುತ್ತಿದ್ದಾನೆ, ಇವತ್ತು ಟ್ರ್ಯಾಕ್ ಹತ್ತಿರ ನನ್ನನ್ನು ಹಾಕಬೇಡಿ ಎಂದು. ದಾಖಲೆ ನೋಡುವ ಮೇಜಿಗೆ ಹಾಕಿದರು.

ಓಟ, ಒಂಬತ್ತು ಅಡಿಯ ಕಂದಕ, ಪುಲ್‌ಅಪ್ ಎಲ್ಲ ಮುಗಿಸಿದವರು ಮಾತ್ರ ಆ ಮೇಜಿಗೆ ಬರುತ್ತಾರೆ. ನಾನು ಅಂಕಪಟ್ಟಿ ನೋಡುತ್ತ, ತಲೆ ಎತ್ತಿದಾಗಲೆಲ್ಲ ಸಾಲಿನಲ್ಲಿ ಅವನ ಮುಖ ಹುಡುಕುತ್ತಿದ್ದೆ. ಒಂಬತ್ತಾಯಿತು, ಹತ್ತಾಯಿತು. ಅವನ ನಂಬರಿನ ಹಿಂದಿನ ಹುಡುಗ ಬಂದ, ಮುಂದಿನವನೂ ಬಂದ. ಹನ್ನೊಂದರ ಹೊತ್ತಿಗೆ ತಲೆ ಎತ್ತುವುದನ್ನು ಬಿಟ್ಟೆ.

ಸಂಜೆ ಫೋನಿನಲ್ಲಿ ಅವನು ಹೇಳಿದ, “ಸ್ಟಾರ್ಟಿಂಗಿನ್ಯಾಗ ಯಾರೋ ಕಾಲ್ ಕೊಟ್ರು ಮಾಮಾ, ಬಿದ್ದೆ.” ಆಗುವಂಥದ್ದೇ. ನೂರಾರು ಮಂದಿ ಒಟ್ಟಿಗೆ ನುಗ್ಗುವಾಗ ಬೀಳುವವರು ಇದ್ದೇ ಇರುತ್ತಾರೆ. ಆಮೇಲೆ ಅಕ್ಕ ಫೋನ್ ತೆಗೆದುಕೊಂಡಳು. “ನೀ ಅಲ್ಲೇ ಇದ್ದೆಲ್ಲೋ ತಮ್ಮಾ. ಊರ ಮಂದಿ ಮಕ್ಕಳನ್ನೆಲ್ಲಾ ಒಳಗ ಬಿಟ್ಟಿ. ನನ್ನ ಮಗನ್ನ ಒಮ್ಮೆ ಎಬ್ಬಿಸಿ ಓಡಸಾಕ ಆಗಲಿಲ್ಲೇನು?” ನನ್ನ ಕೈಯಲ್ಲಿ ಏನೂ ಇಲ್ಲ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿ, ಫೋನ್ ಇಟ್ಟಳು. ಎರಡು ವರ್ಷ ಮಾತಾಡಲಿಲ್ಲ. ನಾಗರಪಂಚಮಿಗೆ ನನ್ನ ಹೆಂಡತಿ ಕಳಿಸಿದ ಉಂಡಿ ಡಬ್ಬಿ ಮುಚ್ಚಳ ತೆಗೆಯದೆ ವಾಪಸ್ ಬಂತು. ಆಮೇಲೆ ಕೊರೊನಾ ಬಂತು, ಎರಡು ವರ್ಷ ಭರ್ತಿ ನಿಂತುಹೋಯಿತು. ಹುಡುಗ ಐಟಿಐ ಸೇರಿ ಡೀಸೆಲ್ ಮೆಕ್ಯಾನಿಕ್ ಮುಗಿಸಿದ. ಈಗ ರೋಣದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ನಾನು 2019ರಲ್ಲಿ ಮತ್ತೆ ವರ್ಕ್‌ಶಾಪಿಗೆ ಹೋಗಿ, 28 ವರ್ಷ ತುಂಬಿಸಿ, 2023ರಲ್ಲಿ ಸುಬೇದಾರ್ ಆಗಿ ನಿವೃತ್ತನಾದೆ. ಅಕ್ಕ ಈಗ ಮಾತಾಡುತ್ತಾಳೆ, ಬೇಕಾದಷ್ಟು ಮಾತ್ರ.

ಕಳೆದ ಹಿಂಗಾರಿಯಲ್ಲಿ ನಮ್ಮ ಟ್ರ್ಯಾಕ್ಟರಿನ ಹೈಡ್ರಾಲಿಕ್ ಕೆಟ್ಟಿತು. ಅಳಿಯನನ್ನೇ ಕರೆದೆ. ಬಂದವನು ಬಿಚ್ಚುವ ಮೊದಲು ಚಾಲೂ ಮಾಡಿ, ಸುಮ್ಮನೆ ನಿಂತು ಕೇಳಿಸಿಕೊಂಡ. ಅದನ್ನು ಅವನಿಗೆ ನಾನು ಕಲಿಸಿರಲಿಲ್ಲ. ಕೆಲಸ ಮುಗಿಸಿ, ಬದುವಿನ ಮೇಲೆ ಕೂತು ರೊಟ್ಟಿ ತಿನ್ನುವಾಗ ಅವನೇ ಶುರು ಮಾಡಿದ.

“ಮಾಮಾ, ಅವತ್ತ ನನ್ನ ಯಾರೂ ಕೆಡವಲಿಲ್ಲ.”

ನಾನು ನೋಡಿದೆ.

“ಎರಡನೇ ರೌಂಡಿನ್ಯಾಗ ನಾನ ನಿಂತೆ. ಉಸಿರಿತ್ತು. ಮುಂದಿನ ಗುಂಪಿನ್ಯಾಗ ಇದ್ದೆ. ಪಾಸಾದ್ರ ಹೋಗಬೇಕಾಗ್ತದ ಅಂತ ನಿಂತೆ. ಅವ್ವಗ ಹೇಳಾಕ ಧೈರ್ಯ ಇರಲಿಲ್ಲ, ನಿಮಗೂ ಇರಲಿಲ್ಲ. ಟ್ರ್ಯಾಕ್ ಬಿಟ್ಟು ಹೊರಗ ನಡದೆ.”

ಆರು ವರ್ಷ ನಾನು ಆ ಹಗ್ಗವನ್ನು ಮನಸ್ಸಿನಲ್ಲೇ ಹಿಡಿದುಕೊಂಡಿದ್ದೆ. ಇವನು ಹಗ್ಗದ ಹತ್ತಿರವೇ ಬಂದಿರಲಿಲ್ಲ. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಮರುಗಳಿಗೆಗೇ ಆ ಒಡಿಶಾದ ಹುಡುಗ ಕಣ್ಣಮುಂದೆ ಬಂದ. ನನ್ನ ಮಾತಿಗೆ ಗ್ಲೌಸ್ ತೆಗೆದವನು ಅವನು. ನನ್ನ ಸ್ಟಾಪ್‌ವಾಚಿಗೆ ಎರಡು ಸುತ್ತು ಓಡಿದವನು ಇವನು. ಬೆರಳು ಜುಮ್ಮೆಂದದ್ದನ್ನು ಇಬ್ಬರೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಳಿಯನ ಎತ್ತರ ಅಳೆದಿದ್ದೆ, ಎದೆ ಅಳೆದಿದ್ದೆ, ಸೆಕೆಂಡ್ ಲೆಕ್ಕ ಹಾಕಿದ್ದೆ. ‘ನಿನಗೆ ಬೇಕೇನೋ?’ ಎಂದು ಒಂದು ಸಲವೂ ಕೇಳಿರಲಿಲ್ಲ.

ಈಗ ಬೆಳಿಗ್ಗೆ ಹುಡುಗರು ನಿಲ್ಲಿಸಿದರೆ ನಾನು ಮೊದಲು ಕೇಳುವುದು ಅದನ್ನೇ. ಕೆಲವರು ಥಟ್ಟನೆ ‘ಹೌದ್ರಿ’ ಎನ್ನುತ್ತಾರೆ. ಅವರಿಗೆ ಈಗಿನ ಕ್ರಮ ಹೇಳುತ್ತೇನೆ: 2023ರಿಂದ ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ಓಟ, ಆದ್ದರಿಂದ ಕಾಲಿನಷ್ಟೇ ಗಣಿತವನ್ನೂ ಓಡಿಸಿ ಎಂದು. ಮೊನ್ನೆ ಹುಡುಗಿಯೊಬ್ಬಳು ಕೇಳಿದಳು. ಮಿಲಿಟರಿ ಪೊಲೀಸ್ ದಳದಲ್ಲಿ ಮಹಿಳಾ ಜವಾನರ ಮೊದಲ ತಂಡ, 83 ಮಂದಿ, 2021ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ತರಬೇತಿ ಮುಗಿಸಿದ್ದನ್ನು ಹೇಳಿದೆ. ಅವಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಇನ್ನು ಕೆಲವರು ನನ್ನ ಪ್ರಶ್ನೆಗೆ ನೆಲ ನೋಡುತ್ತಾರೆ. ಅವರ ಜತೆ ಇನ್ನೊಂದು ಸ್ವಲ್ಪ ದೂರ ನಡೆಯುತ್ತೇನೆ.

ಇದನ್ನು ಬರೆಯಲೇ ಎಂದು ಅಳಿಯನನ್ನು ಕೇಳಿದೆ. “ಬರೀರಿ ಮಾಮಾ, ಎಷ್ಟ್ ದಿನಾ ಅಂತ ಮುಚ್ಚಿಡೋದು” ಎಂದ. ಅಕ್ಕನಿಗೆ ಓದಲು ಬರುವುದಿಲ್ಲ, ಆದರೆ ನಮ್ಮೂರಲ್ಲಿ ಪೇಪರ್ ಓದಿ ಹೇಳುವವರಿಗೆ ಬರವಿಲ್ಲ. ಈ ಭಾನುವಾರ ಅವನನ್ನೂ ಕರೆದುಕೊಂಡು ಅವಳ ಮುಂದೆ ಹೋಗಿ ಕೂರಬೇಕು, ಪೇಪರ್ ಬರುವ ಮೊದಲೇ.